ಸೊನ್ನೆ ಇಲ್ಲದೆ ರಾವಣನ ಹತ್ತು ತಲೆ ಎಣಿಸಿದ್ದು ಹೇಗೆ?

ಪ್ರಶ್ನೆ: ಸರ್, ಸೊನ್ನೆ ಕಂಡುಹಿಡಿದದ್ದು ಆರ್ಯಭಟ, ಅದೂ ಐದನೇ ಶತಮಾನದಲ್ಲಿ. ಹಾಗಾದ್ರೆ ಅದಕ್ಕೂ ಮೊದಲು ರಾವಣನಿಗೆ ಹತ್ತು ತಲೆ, ಕೌರವರು ನೂರು ಜನ ಅಂತ ಲೆಕ್ಕ ಹಾಕಿದ್ದು ಹೇಗೆ?

ಇದಕ್ಕೆ ನಾನು ಕ್ಲಾಸಿನಲ್ಲಿ ಉತ್ತರ ಹೇಳಿದ್ದೇನೆ, ಸೇಡಂ ಬಸ್ಸಿನಲ್ಲಿ ನಿಂತುಕೊಂಡು ಹೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲೂ ಹೇಳಿದ್ದೇನೆ. ಆದರೂ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಕೆಲವರು ರಾಮಾಯಣ ಸುಳ್ಳು ಅನ್ನಲು ಇದನ್ನು ಕಳಿಸುತ್ತಾರೆ, ಕೆಲವರು ಆರ್ಯಭಟನ ಕಥೆಯೇ ಸುಳ್ಳು ಅನ್ನಲು ಕಳಿಸುತ್ತಾರೆ. ಇಬ್ಬರ ತರ್ಕವೂ ತಪ್ಪೇ. ಈ ಸಲ ಪೂರ್ತಿ ಬರೆಯುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿ.

ಎಣಿಸಲು ಸೊನ್ನೆ ಬೇಕಾಗಿಲ್ಲ. ಉತ್ತರ ಇಷ್ಟೇ.

ನಮ್ಮ ಅಜ್ಜಿ ಶಾಲೆಯ ಮುಖ ನೋಡಿದವರಲ್ಲ. ಜಾತ್ರೆಗೆ ಬುತ್ತಿ ಕಟ್ಟುವಾಗ ಖಡಕ್ ರೊಟ್ಟಿ ಹತ್ತತ್ತು ಜೋಡಿಸಿ, ಅಂಥ ಹತ್ತು ಸಾಲು ಮಾಡಿ, "ನೂರಾಯ್ತು" ಅಂತ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ನಾವು ಒಂದು ಕದ್ದರೂ ಗೊತ್ತಾಗುತ್ತಿತ್ತು. ಅವರಿಗೆ 100 ಅಂತ ಬರೆಯಲು ಬರುತ್ತಿರಲಿಲ್ಲ. ಆದರೆ ನೂರು ಎಂದರೆ ಎಷ್ಟು ಅಂತ ಚೆನ್ನಾಗಿ ಗೊತ್ತಿತ್ತು. "ನೂರು" ಅನ್ನುವ ಮಾತಿನಲ್ಲಿ ಸೊನ್ನೆ ಎಲ್ಲಿದೆ, ಹೇಳಿ? ಎರಡೂ ಕೈಯ ಬೆರಳು ಸೇರಿದರೆ ಹತ್ತು. ಅದಕ್ಕೆ ಯಾವ ಗಣಿತಜ್ಞನಿಗೂ ಕಾಯಬೇಕಾಗಿಲ್ಲ.

ಸರಿ ಸರ್, ಎಣಿಸಿದರು, ಬರೆದಿದ್ದು ಹೇಗೆ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಬೇರೆ ಗುರುತು ಇಟ್ಟು ಬರೆದರು! ಹಳೆಯ ಗೋಡೆ ಗಡಿಯಾರದಲ್ಲಿ ಹತ್ತು ಗಂಟೆಯ ಜಾಗದಲ್ಲಿ X ಅನ್ನುವ ರೋಮನ್ ಗುರುತು ಇರುತ್ತದಲ್ವಾ, ಅದರಲ್ಲಿ ಸೊನ್ನೆ ಇದೆಯಾ? ಅಷ್ಟು ದೂರ ಯಾಕೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, ಕ್ರಿ.ಪೂ. 3ನೇ ಶತಮಾನದ್ದು. ಅದರಲ್ಲಿ 256 ಅನ್ನುವ ಸಂಖ್ಯೆ ಕೆತ್ತಿದ್ದಾರೆ. 200ಕ್ಕೆ ಒಂದು ಗುರುತು, 50ಕ್ಕೆ ಒಂದು, 6ಕ್ಕೆ ಒಂದು. ಮೂರು ಗುರುತು, ಮುಗೀತು. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಅಶೋಕನ ಶಾಸನವೂ ಅದೇ ಬ್ರಾಹ್ಮಿ ಲಿಪಿಯದು. ಆ ಕಾಲದವರು ಇನ್ನೂರನ್ನು ಸೊನ್ನೆ ಇಲ್ಲದೆಯೇ ಕಲ್ಲಿನಲ್ಲಿ ಬರೆದಿದ್ದಾರೆ ಎಂದ ಮೇಲೆ ಹತ್ತು ತಲೆಗೆ ಏನು ಕಷ್ಟ?

ಇನ್ನು ಪ್ರಶ್ನೆಯ ಮೊದಲ ಸಾಲಿಗೆ ಬರೋಣ, ಏಕೆಂದರೆ ಗಂಟು ಇರುವುದೇ ಅಲ್ಲಿ. ಆರ್ಯಭಟ ಹುಟ್ಟಿದ್ದು 476ರಲ್ಲಿ, ಆರ್ಯಭಟೀಯ ಬರೆದದ್ದು 499ರಲ್ಲಿ. ಆ ಪುಸ್ತಕದಲ್ಲಿ ಸೊನ್ನೆಯ ಗುರುತು ಇಲ್ಲ! ಅವನು ಸಂಖ್ಯೆಗಳನ್ನು ಅಕ್ಷರಗಳಲ್ಲಿ ಬರೆದ. ಕ ಅಂದರೆ 1, ಖ ಅಂದರೆ 2, ಹೀಗೆ ಮ ಅಂದರೆ 25. ಅಕ್ಷರಕ್ಕೆ ಇಕಾರ ಸೇರಿಸಿದರೆ ನೂರು ಪಟ್ಟು. ಈಗ ನೀವೇ ಬೆರಳು ಮಡಚಿ ಎಣಿಸಿ: ಕ, ಖ, ಗ, ಘ, ಙ, ಚ, ಛ, ಜ, ಝ, ಞ. ಹತ್ತನೆಯದು ಞ. ಅಂದರೆ ಆರ್ಯಭಟನ ಲೆಕ್ಕದಲ್ಲಿ ರಾವಣನ ಹತ್ತೂ ತಲೆ ಒಂದೇ ಒಂದು ಞ. ನೂರು ಕೌರವರು ಬರೀ "ಕಿ". ಸೊನ್ನೆ ಕಂಡುಹಿಡಿದ ಅಂತ ನಾವು ಹೇಳುವ ಆ ಮನುಷ್ಯನೇ ಹತ್ತನ್ನೂ ನೂರನ್ನೂ ಸೊನ್ನೆ ಇಲ್ಲದೆ ಬರೆದಿದ್ದಾನೆ. ಇದನ್ನು ಹೇಳಿದಾಗ ಕ್ಲಾಸಿನಲ್ಲಿ ಹುಡುಗರ ಮುಖ ಅರಳುವುದನ್ನು ನೋಡುವುದೇ ನನಗೆ ಖುಷಿ.

ಹಾಗಂತ ಆರ್ಯಭಟನ ದೊಡ್ಡತನ ಕಡಿಮೆ ಆಗುವುದಿಲ್ಲ. ಒಂದೊಂದು ಸ್ಥಾನ ಮುಂದೆ ಹೋದಂತೆ ಬೆಲೆ ಹತ್ತು ಪಟ್ಟು ಅಂತ ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಸೊನ್ನೆ ಬೇಕಾಗುವುದೇ ಆ ಪದ್ಧತಿಯಲ್ಲಿ. ಇನ್ನೂರಾ ಐದು ಬರೆಯುವಾಗ ನಡುವಿನ ಮನೆ ಖಾಲಿ. ಆ ಖಾಲಿ ತೋರಿಸದಿದ್ದರೆ ಅದು ಇಪ್ಪತ್ತೈದು ಆಗಿಬಿಡುತ್ತದೆ. ಹೀಗೆ ಜಾಗ ಹಿಡಿಯಲು ಬಂದ ಗುರುತನ್ನು ಒಂದು ಸಂಖ್ಯೆ ಅಂತಲೇ ಹಿಡಿದು, ಕೂಡಿದರೆ ಏನು, ಕಳೆದರೆ ಏನು, ಗುಣಿಸಿದರೆ ಏನು ಅಂತ ನಿಯಮ ಬರೆದವನು ಬ್ರಹ್ಮಗುಪ್ತ, 628ರಲ್ಲಿ. ಗ್ವಾಲಿಯರ್‌ನ ಒಂದು ಗುಡಿಯಲ್ಲಿ 876ರ ಶಾಸನ ಇದೆ, ಅದರಲ್ಲಿ 270 ಅನ್ನುವುದು ನಾವು ಇಂದು ಬರೆಯುವ ಹಾಗೇ ಸೊನ್ನೆ ಸೇರಿಸಿ ಬರೆದಿದೆ. ಒಬ್ಬನೇ ಒಂದು ದಿನ ಕೂತು ಕಂಡುಹಿಡಿದ ವಸ್ತು ಇದಲ್ಲ.

ಬ್ರಹ್ಮಗುಪ್ತನ ಹೆಸರು ಬಂದ ಮೇಲೆ ನಮ್ಮವರ ಹೆಸರನ್ನು ಹೇಳದೆ ಬಿಡಲಾರೆ. ಮಳಖೇಡ ಅಂದರೆ ಎಲ್ಲರಿಗೂ ನೃಪತುಂಗ, ಕವಿರಾಜಮಾರ್ಗ ನೆನಪಾಗುತ್ತದೆ. ಅದೇ ಅಮೋಘವರ್ಷ ನೃಪತುಂಗನನ್ನು ಹೊಗಳಿ, ಸುಮಾರು 850ರ ಹೊತ್ತಿಗೆ ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯರನ್ನು ನೆನೆಯುವವರು ಕಡಿಮೆ. ಕಾಗಿಣಾ ನದಿ ದಂಡೆಯ ಮಳಖೇಡ ಕೋಟೆ ನೋಡಲು ಹೋದವರೂ ಈ ಹೆಸರು ಕೇಳದೆ ವಾಪಸ್ ಬರುತ್ತಾರೆ, ನನಗೆ ನಿಜಕ್ಕೂ ಬೇಜಾರು. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಆಗಲೇ ಗುರುತಿಸಿದವರು ಅವರು. ಆದರೆ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಅಂದುಬಿಟ್ಟರು. ಅದು ತಪ್ಪು. 12ನ್ನು 0ಯಿಂದ ಭಾಗಿಸಿದ ಉತ್ತರ 12 ಆಗಿದ್ದರೆ, 12ನ್ನು 0ಯಿಂದ ಗುಣಿಸಿದಾಗ 12 ವಾಪಸ್ ಬರಬೇಕಿತ್ತು. ಬರುವುದು 0. ಯಾವ ಸಂಖ್ಯೆ ಹಾಕಿ ನೋಡಿದರೂ ಇದೇ ಗತಿ, ಅದಕ್ಕೇ ಆ ಭಾಗಾಕಾರಕ್ಕೆ ಉತ್ತರವೇ ಇಲ್ಲ. ದೊಡ್ಡವರೂ ಇಲ್ಲಿ ಎಡವಿದ್ದಾರೆ, ನಿಮ್ಮ ಮಕ್ಕಳು ಎಡವಿದರೆ ಬೈಯಬೇಡಿ.

ಅವರ ಪುಸ್ತಕದಲ್ಲಿ ಕೊರಳ ಹಾರದ ಹಾಗಿರುವ ಲೆಕ್ಕಗಳೂ ಇವೆ, ಉತ್ತರವನ್ನು ಯಾವ ತುದಿಯಿಂದ ಓದಿದರೂ ಒಂದೇ. 139ನ್ನು 109ರಿಂದ ಗುಣಿಸಿದರೆ 15151. ಇನ್ನೊಂದನ್ನು ಮಕ್ಕಳಿಗೆ ಕೊಡಿ: 142857143ನ್ನು 7ರಿಂದ ಗುಣಿಸಲು ಹೇಳಿ. ಮೊಬೈಲ್ ಬೇಡ, ಪೆನ್ನು ಹಿಡಿದೇ ಮಾಡಲಿ. ಎರಡು ತುದಿಗೆ ಒಂದೊಂದು 1, ನಡುವೆ ಎಂಟು ಸೊನ್ನೆ ಬಂದರೆ ಸರಿ.