ಯಮಾಲ್‌ಗೆ ಇರೋ ಕ್ರೇಜ್ ಕುಬಾರ್ಸಿಗೆ ಯಾಕಿಲ್ಲ?

ಆಟಗಾರರ ಸ್ಪಾನ್ಸರ್‌ಶಿಪ್ ನೋಡ್ಕೊಳ್ಳೋ ಕೆಲಸ ನಂದು. ಕಂಪನಿಯವರು ಬಂದ್ರೆ ಮೊದಲು ಕೇಳೋದೇ ಇವನಿಗೆ ಫಾಲೋವರ್ಸ್ ಎಷ್ಟು ಅಂತ, ಆಟ ಹೇಗಿದೆ ಅನ್ನೋದು ಆಮೇಲೆ. ಅಂಥವರಿಗೆ ನಾನು ತೋರಿಸೋ ಜೋಡಿ ಸ್ಪೇನ್‌ನ ಫುಟ್‌ಬಾಲ್ ಆಟಗಾರರಾದ ಲಮೀನ್ ಯಮಾಲ್ ಮತ್ತು ಪೌ ಕುಬಾರ್ಸಿ. ಇಬ್ರೂ 2007ರಲ್ಲಿ ಹುಟ್ಟಿದವರು, ಇಬ್ರೂ ಬಾರ್ಸಿಲೋನಾ ಕ್ಲಬ್‌ನ ಲಾ ಮಾಸಿಯಾ ಅಕಾಡೆಮಿಯವರು, 17 ತುಂಬೋ ಮೊದಲೇ ಇಬ್ರೂ ಮೇನ್ ಟೀಮಿಗೆ ಆಡಿದವರು, ಆದ್ರೆ ಜನಪ್ರಿಯತೆ ವಿಷಯಕ್ಕೆ ಬಂದ್ರೆ ಅಜಗಜಾಂತರ.

ಕುಬಾರ್ಸಿ ಸೆಂಟರ್ ಬ್ಯಾಕ್, ಅಂದ್ರೆ ಗೋಲ್ ಮುಂದೆ ನಿಂತು ಎದುರಾಳಿನ ತಡೆಯೋ ಡಿಫೆಂಡರ್. ಡಿಫೆಂಡರ್ ಚೆನ್ನಾಗಿ ಆಡ್ದ ಅಂದ್ರೆ ಏನೂ ಆಗ್ಲಿಲ್ಲ ಅಂತ ಅರ್ಥ, ಆಗದೇ ಇದ್ದಿದ್ದನ್ನ ರೀಲ್ ಮಾಡೋದು ಹೇಗೆ ಹೇಳಿ? ಯಮಾಲ್ ವಿಂಗರ್, ಮೈದಾನದ ಅಂಚಿಂದ ದಾಳಿ ಮಾಡೋನು, ಬಾಲ್ ಕಾಲಿಗೆ ಸಿಕ್ರೆ ಏನೋ ಒಂದು ಆಗೇ ಆಗುತ್ತೆ.

ಅದಕ್ಕಿಂತ ದೊಡ್ಡದು ವೇದಿಕೆ. ಯೂರೋಪಿನ ದೇಶಗಳ ಟೂರ್ನಿ ಯೂರೋದ 2024ರ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಯಮಾಲ್ ದೂರದಿಂದ ಹೊಡೆದ ಗೋಲ್ ಇದ್ಯಲ್ಲ, ಆಗ ಅವನಿಗಿನ್ನೂ 16, ಯೂರೋದಲ್ಲಿ ಗೋಲ್ ಹೊಡೆದ ಅತಿ ಕಿರಿಯ ಅವನೇ, ಫುಟ್‌ಬಾಲ್ ನೋಡದವರಿಗೂ ಅವತ್ತು ಹೆಸರು ಗೊತ್ತಾಯ್ತು. ಕುಬಾರ್ಸಿಗೆ ಆ ಟೂರ್ನಿಯ ಕೊನೇ ಲಿಸ್ಟಲ್ಲಿ ಜಾಗ ಸಿಗ್ಲಿಲ್ಲ. ಮುಂದಿನ ತಿಂಗಳೇ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ, ಆದ್ರೆ ಒಲಿಂಪಿಕ್ಸಲ್ಲಿ ಫುಟ್‌ಬಾಲ್‌ನ ಎಷ್ಟು ಜನ ನೋಡ್ತಾರೆ!

ಇನ್ನು ಕಥೆ. ಕೂಸಾಗಿದ್ದ ಯಮಾಲ್‌ಗೆ ಮೆಸ್ಸಿ ಸ್ನಾನ ಮಾಡಿಸ್ತಿರೋ ಫೋಟೋ, ಚಾರಿಟಿ ಕ್ಯಾಲೆಂಡರ್‌ಗೆ ತೆಗೆದಿದ್ದು, ಸರಿಯಾಗಿ ಯೂರೋ ನಡೀತಿದ್ದಾಗಲೇ ಹೊರಗೆ ಬಂತು. ಎಷ್ಟು ದುಡ್ಡು ಸುರಿದ್ರೂ ಇಂಥದ್ದನ್ನ ಯಾವ ಏಜೆನ್ಸಿನೂ ಹುಟ್ಟಿಸೋಕಾಗಲ್ಲ. ಜೊತೆಗೆ ಗೋಲ್ ಆದಾಗ ಬೆರಳಲ್ಲಿ ತೋರಿಸೋ 304, ಅವನು ಬೆಳೆದ ರೊಕಾಫೊಂಡಾ ಏರಿಯಾದ ಪಿನ್‌ಕೋಡಿನ ಕೊನೇ ಮೂರು ಅಂಕಿ, ಯಾವ ಮಗು ಬೇಕಾದ್ರೂ ಮಾಡಿ ತೋರಿಸ್ಬಹುದು.

ಬರೀ ಆಟದಿಂದಲೇ ಆಗೋದಾಗಿದ್ರೆ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್‌ನ ದೆಜಿರೆ ದುವೆ ಇವತ್ತು ಎಲ್ಲೋ ಇರ್ಬೇಕಿತ್ತು. ಯೂರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ನ 2025ರ ಫೈನಲಲ್ಲಿ 19ನೇ ವಯಸ್ಸಿಗೆ ಎರಡು ಗೋಲ್, ಒಂದು ಅಸಿಸ್ಟ್, ಇಟಲಿಯ ಇಂಟರ್ ಕ್ಲಬ್ ಮೇಲೆ 5-0 ಗೆಲುವು. ಅದೇ ವರ್ಷ ಅತ್ಯುತ್ತಮ ಆಟಗಾರನಿಗೆ ಕೊಡೋ ಬ್ಯಾಲನ್ ಡಿ'ಓರ್ ಗೆದ್ದಿದ್ದು ಪಿಎಸ್‌ಜಿಯದ್ದೇ ಡೆಂಬೆಲೆ, ಯಮಾಲ್ ಎರಡನೇ ಸ್ಥಾನ, ಆದ್ರೂ ಹುಡುಗರು ಕೇಳೋ ಜೆರ್ಸಿ ಯಾರದ್ದು ಅಂತ ನಾನು ಹೇಳ್ಬೇಕಾ?

ಇದಕ್ಕೆ ಬೆಲೆನೂ ಇದೆ. 2025ರ ಅಕ್ಟೋಬರ್‌ನ ಎಲ್ ಕ್ಲಾಸಿಕೋ, ಅಂದ್ರೆ ಬಾರ್ಸಿಲೋನಾ-ರಿಯಲ್ ಮ್ಯಾಡ್ರಿಡ್ ಮ್ಯಾಚಿಗೆ ಮುಂಚೆ ಯಮಾಲ್ ಮ್ಯಾಡ್ರಿಡ್‌ನ ಕೆಣಕಿ ಒಂದು ಮಾತು ಆಡ್ದ, ಮ್ಯಾಚ್ 2-1ಕ್ಕೆ ಸೋತ್ರು, ಮುಗಿದ ಕೂಡ್ಲೇ ಮೈದಾನದಲ್ಲೇ ಎದುರಾಳಿ ಟೀಮಿನ ಕಾರ್ವಹಾಲ್ ಅವನ ಜೊತೆ ಜಗಳಕ್ಕೆ ನಿಂತ. ಅದೇ ಮಾತು ಕುಬಾರ್ಸಿ ಆಡಿದ್ರೆ ಸಂಜೆಗೆ ಎಲ್ಲರೂ ಮರ್ತಿರೋರು.

ನಾನು ಕಂಪನಿಯವರಿಗೆ ಹೇಳೋದಿಷ್ಟೇ, ಫಾಲೋವರ್ಸ್ ನಂಬರ್ ಬಿಡಿ, ಇಂಜುರಿ ಆಗಿ ಕೂತಾಗ ಅವನ ಪೋಸ್ಟಿಗೆ ಯಾರು ಬರ್ತಾರೆ ನೋಡಿ, ಗೋಲ್ ಕ್ಲಿಪ್ಪಿಗೆ ಬಂದವರು ಅಷ್ಟೊತ್ತಿಗೆ ಹೋಗಿರ್ತಾರೆ. ಕುಬಾರ್ಸಿಯಂಥವರನ್ನ ಈಗಲೇ ಹಿಡಿದ್ರೆ ರೇಟೂ ಕಮ್ಮಿ, ತಲೆನೋವೂ ಕಮ್ಮಿ. ಎಲ್ಲಾ ಕೇಳಿ ತಲೆಯಾಡಿಸ್ತಾರೆ, ಆಮೇಲೆ ಯಮಾಲ್ ಏಜೆಂಟ್ ನಂಬರ್ ಇದ್ಯಾ ಅಂತಾರೆ.