ಹರ್ಶಿ ಬೇರ್ಸ್: ಚಾಕೊಲೇಟ್ ಊರಿನ ಹಾಕಿ ತಂಡ ಊರು ಬಿಡಲಿಲ್ಲ ಯಾಕೆ?

ಮೈನರ್ ಲೀಗ್ ಎಂಬ ಮಾತು ಕೇಳಿದ ಕೂಡಲೇ ನಾನು ಅದನ್ನು ಹುಡುಗರ ಟೂರ್ನಿ ಅಂದುಕೊಂಡಿದ್ದೆ. ಹಾಗಲ್ಲ. ಅಲ್ಲಿ ಆಡುವವರು ಸಂಬಳಕ್ಕೆ ಆಡುವ ದೊಡ್ಡವರೇ. ಮೈನರ್ ಅಂದರೆ ಒಂದು ಮೆಟ್ಟಿಲು ಕೆಳಗೆ, ಅಷ್ಟೇ. ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು ಎನ್‌ಎಚ್‌ಎಲ್, ಅದರ ಕಪ್ ಸ್ಟ್ಯಾನ್ಲಿ ಕಪ್. ಅದರ ಕೆಳಗೆ ಅಮೆರಿಕನ್ ಹಾಕಿ ಲೀಗ್, ಅಂದರೆ ಎಎಚ್‌ಎಲ್. ಎನ್‌ಎಚ್‌ಎಲ್‌ನ ಮೊದಲ ಅಧ್ಯಕ್ಷ ಫ್ರ್ಯಾಂಕ್ ಕಾಲ್ಡರ್ ಹೆಸರಿನ ಕಾಲ್ಡರ್ ಕಪ್ ಅಲ್ಲಿಯದು. ಅದಕ್ಕೂ ಕೆಳಗೆ ಇಸಿಎಚ್‌ಎಲ್, ಕೆಲ್ಲಿ ಕಪ್. ಈ ಮೂರೂ ನೆನಪಿನಲ್ಲಿ ಉಳಿಯಬೇಕಿದ್ದರೆ ಜೇ ಬೀಗಲ್ ಎಂಬ ಆಟಗಾರನನ್ನು ಹಿಡಿದುಕೊಳ್ಳಿ. 2007ರಲ್ಲಿ ಐಡಾಹೊ ತಂಡದಲ್ಲಿ ಕೆಲ್ಲಿ ಕಪ್, 2009 ಮತ್ತು 2010ರಲ್ಲಿ ಹರ್ಶಿಯಲ್ಲಿ ಕಾಲ್ಡರ್ ಕಪ್, 2018ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್‌ನಲ್ಲಿ ಸ್ಟ್ಯಾನ್ಲಿ ಕಪ್. ಮೂರೂ ಮೆಟ್ಟಿಲು ಹತ್ತಿ, ಮೂರರಲ್ಲೂ ಗೆದ್ದವನು.

ಈಗ ನಾವು ನೋಡಬೇಕಾದದ್ದು ನಡುವಿನ ಮೆಟ್ಟಿಲಿನ ಹರ್ಶಿ ಬೇರ್ಸ್. ಮೈನರ್ ಲೀಗ್ ತಂಡಗಳ ಚರಿತ್ರೆ ಓದುವುದೇ ಒಂದು ಕಷ್ಟ. ಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ, ಒಂದು ದಿನ ಬಾಗಿಲು ಮುಚ್ಚುತ್ತದೆ. ಬೇರ್ಸ್ ಮಾತ್ರ 1938ರಲ್ಲಿ ಈ ಲೀಗಿಗೆ ಸೇರಿದ್ದು ಇವತ್ತಿಗೂ ಅದೇ ಊರಲ್ಲಿ, ಅದೇ ಹೆಸರಲ್ಲಿ ಇದೆ. ಎಎಚ್‌ಎಲ್‌ನಲ್ಲಿ ಇಷ್ಟು ಕಾಲ ಎಡೆಬಿಡದೆ ಆಡಿದ ತಂಡ ಮತ್ತೊಂದಿಲ್ಲ. ಯಾಕೆ ಎಂಬುದೇ ನಮ್ಮ ಪ್ರಶ್ನೆ.

ಊರಿನಿಂದ ಶುರು ಮಾಡೋಣ. ಪೆನ್ಸಿಲ್ವೇನಿಯಾದ ಹೈನುಗಾರಿಕೆಯ ಸೀಮೆಯಲ್ಲಿ ಮಿಲ್ಟನ್ ಹರ್ಶಿ 1903ರಲ್ಲಿ ಚಾಕೊಲೇಟ್ ಕಾರ್ಖಾನೆಗೆ ಕೈಹಾಕಿದ. ಕಾರ್ಖಾನೆಯ ಸುತ್ತ ಊರೂ ಎದ್ದಿತು. ಅಲ್ಲಿನ ಮುಖ್ಯ ರಸ್ತೆಗಳ ಹೆಸರು ಚಾಕೊಲೇಟ್ ಅವೆನ್ಯೂ, ಕೊಕೊ ಅವೆನ್ಯೂ. 1909ರಲ್ಲಿ ಗಂಡಹೆಂಡಿರಿಬ್ಬರೂ ಸೇರಿ ಅನಾಥ ಹುಡುಗರಿಗೊಂದು ಶಾಲೆ ತೆರೆದರು. ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ 1918ರಲ್ಲಿ ಆತ ತನ್ನ ಆಸ್ತಿಯ ಬಹುಪಾಲನ್ನು ಆ ಶಾಲೆಯ ಟ್ರಸ್ಟಿಗೆ ಬರೆದುಕೊಟ್ಟ. ಈ 1918ರ ಕೆಳಗೆ ಗೆರೆ ಎಳೆದಿಟ್ಟುಕೊಳ್ಳಿ, ಮತ್ತೆ ಬರುತ್ತೇವೆ.

1932ರಲ್ಲಿ ಕಟ್ಟಿದ ತಂಡದ ಹೆಸರು ಬೇರ್ಸ್ ಅಲ್ಲ, ಬಾರ್ಸ್. ಚಾಕೊಲೇಟ್ ಬಾರ್‌ನ ನೇರ ಜಾಹೀರಾತು! ಇದು ಆಟವೋ ಅಂಗಡಿಯ ಬೋರ್ಡೋ ಎಂದು ನ್ಯೂಯಾರ್ಕಿನ ಪತ್ರಕರ್ತರು ಗೊಣಗಿದ್ದರಿಂದ 1936ರಲ್ಲಿ ಕರಡಿ ಬಂತು. ಕನ್ನಡದಲ್ಲಿ ಬರೆದರೆ ಈ ಇಡೀ ಜಗಳ ಒಂದು ಕಾಗುಣಿತದ್ದು: ಬಾ ಹೋಗಿ ಬೇ ಆಯಿತು.

ಅದೇ 1936ರ ಡಿಸೆಂಬರ್ 19ರಂದು ಹರ್ಶಿ ಸ್ಪೋರ್ಟ್ಸ್ ಅರೀನಾ ತೆರೆಯಿತು. ಇದರ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳಬೇಕು. ಆಗ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ, ಎಲ್ಲೆಲ್ಲೂ ಕೆಲಸವಿಲ್ಲ. ಮಿಲ್ಟನ್ ಹರ್ಶಿ ಮಾತ್ರ ಊರವರ ಕೈಗೆ ಕೆಲಸ ಇರಲೆಂದು ಹೋಟೆಲು, ಸಮುದಾಯ ಭವನ, ಕ್ರೀಡಾಂಗಣ ಅಂತ ಒಂದರ ಹಿಂದೊಂದು ಕಟ್ಟಿಸುತ್ತಲೇ ಹೋದ. ಅರೀನಾ ಅವುಗಳಲ್ಲೊಂದು. ಜರ್ಮನಿಯಲ್ಲಿ ಬೆಳೆದಿದ್ದ ತೆಳು ಕಾಂಕ್ರೀಟ್ ಚಿಪ್ಪಿನ ವಿದ್ಯೆಯನ್ನು ಎಂಜಿನಿಯರ್ ಆಂಟನ್ ಟೆಡೆಸ್ಕೊ ಇಲ್ಲಿ ಬಳಸಿದ. ಕಮಾನಿನಂತೆ ಬಾಗಿದ ಚಾವಣಿ, ನಡುವೆ ಒಂದೂ ಕಂಬ ಇಲ್ಲ. ಏಳು ಸಾವಿರಕ್ಕೂ ಹೆಚ್ಚು ಜನ ಕೂತರೂ ಯಾರ ಕಣ್ಣಿಗೂ ಅಡ್ಡ ಬರುವುದಿಲ್ಲ. ಇನ್ನೊಂದು ಸ್ವಾರಸ್ಯ: ವಿಲ್ಟ್ ಚೇಂಬರ್ಲೇನ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದೇ ಪಂದ್ಯಕ್ಕೆ 100 ಅಂಕ ಗಳಿಸಿದ್ದು 1962ರ ಮಾರ್ಚ್ 2ರಂದು ಈ ಸೂರಿನಡಿಯೇ. ಹಾಕಿಗೆ ಸಂಬಂಧವಿಲ್ಲ, ಆದರೂ ಬಿಡಲು ಮನಸ್ಸಾಗಲಿಲ್ಲ.

ಇನ್ನು ಹೆಚ್ಚಿನವರು ಎಡವುವ ಜಾಗ. ಬೇರ್ಸ್ ತಂಡ ವಾಷಿಂಗ್ಟನ್ ಕ್ಯಾಪಿಟಲ್ಸ್‌ಗೆ ಸೇರಿದ್ದು ಎಂದು ಬರೆದರೆ ಅರ್ಧ ತಪ್ಪು. ಎನ್‌ಎಚ್‌ಎಲ್ ತಂಡವೊಂದು ಇನ್ನೂ ಪಳಗಬೇಕಾದ ತನ್ನ ಆಟಗಾರರನ್ನು ಒಪ್ಪಂದದ ಮೇಲೆ ಕೆಳಗಿನ ತಂಡಕ್ಕೆ ಕಳಿಸುತ್ತದೆ, ಬೇಕಾದಾಗ ವಾಪಸ್ ಕರೆಸಿಕೊಳ್ಳುತ್ತದೆ. ಆಟಗಾರರಲ್ಲಿ ಬಹುಪಾಲು ಜನರ ಕರಾರು ಮೇಲಿನವರ ಬಳಿ; ತಂಡ, ರಿಂಕ್ (ಮಂಜಿನ ಆಟದಂಗಳ), ಟಿಕೆಟಿನ ದುಡ್ಡು ಹರ್ಶಿಯವರದ್ದು. ಛತ್ರ ಊರಿನದು, ಬಂದು ಹೋಗುವವರು ಬೇರೆ ಊರಿನವರು ಅಂದಹಾಗೆ. ಅದಕ್ಕೇ ಒಪ್ಪಂದ ಮುರಿದರೂ ಛತ್ರ ಉಳಿಯುತ್ತದೆ: 1984ರಿಂದ 1996ರವರೆಗೆ ಫಿಲಡೆಲ್ಫಿಯಾ, 2005ರವರೆಗೆ ಕೊಲೊರಾಡೊ, ಅಲ್ಲಿಂದ ಈಚೆಗೆ ವಾಷಿಂಗ್ಟನ್.

ಛತ್ರದ ಯಜಮಾನ ಯಾರು? ಚಾಕೊಲೇಟ್ ಕಂಪನಿ ಅಲ್ಲ, ಹರ್ಶಿ ಎಂಟರ್‌ಟೇನ್‌ಮೆಂಟ್ ಅಂಡ್ ರೆಸಾರ್ಟ್ಸ್ ಎಂಬ ಬೇರೆಯೇ ಕಂಪನಿ. ಮನರಂಜನಾ ಪಾರ್ಕು, ಹೋಟೆಲು ಎಲ್ಲ ಅದರದ್ದೇ. ಆ ಕಂಪನಿಯ ಒಡೆತನ ಹೋಗಿ ನಿಲ್ಲುವುದು ಅದೇ ಶಾಲೆಯ ಟ್ರಸ್ಟಿನಲ್ಲಿ. ನಷ್ಟವಾಯಿತೆಂದು ಒಬ್ಬ ಸಾಹುಕಾರ ರಾತ್ರೋರಾತ್ರಿ ತಂಡವನ್ನು ಇನ್ನೊಂದು ಊರಿಗೆ ಮಾರುವ ದಾರಿಯೇ ಇಲ್ಲಿರಲಿಲ್ಲ. ತಂಡ ಉಳಿದದ್ದಕ್ಕೆ ಮೊದಲ ಕಾರಣ ಇದೇ ಎಂದು ನನ್ನ ಎಣಿಕೆ.

ಎರಡನೆಯದು ಊರು ಚಿಕ್ಕದಿದ್ದದ್ದು. ಇದು ತಲೆಕೆಳಗಾದ ಮಾತಿನಂತೆ ಕೇಳುತ್ತದೆ, ಪಿಟ್ಸ್‌ಬರ್ಗ್ ನೋಡಿದರೆ ಅರ್ಥವಾಗುತ್ತದೆ. ಅಲ್ಲಿನ ಎಎಚ್‌ಎಲ್ ತಂಡ ಹಾರ್ನೆಟ್ಸ್ 1967ರಲ್ಲಿ ಕಾಲ್ಡರ್ ಕಪ್ ಗೆದ್ದಿತು, ಗೆದ್ದ ವರ್ಷವೇ ಮುಚ್ಚಿತು. ಎನ್‌ಎಚ್‌ಎಲ್ ತನ್ನ ತಂಡಗಳನ್ನು ಆರರಿಂದ ಹನ್ನೆರಡಕ್ಕೆ ಏರಿಸಿ, ಪಿಟ್ಸ್‌ಬರ್ಗ್‌ಗೆ ಪೆಂಗ್ವಿನ್ಸ್ ಬಂದಿತ್ತು. ಸುಮಾರು 14 ಸಾವಿರ ಜನರ ಹರ್ಶಿಯತ್ತ ಎನ್‌ಎಚ್‌ಎಲ್ ಕಣ್ಣು ಹಾಯಿಸುವ ಪ್ರಶ್ನೆಯೇ ಇರಲಿಲ್ಲ.

ಮೂರನೆಯದು ಒಬ್ಬ ಮನುಷ್ಯ. 1956ರಲ್ಲಿ ಫ್ರ್ಯಾಂಕ್ ಮ್ಯಾಥರ್ಸ್ ಆಟಗಾರನೂ ಕೋಚೂ ಆಗಿ ಬಂದವರು, 1991ರಲ್ಲಿ ನಿವೃತ್ತರಾಗುವ ಹೊತ್ತಿಗೆ ತಂಡದ ಅಧ್ಯಕ್ಷರಾಗಿದ್ದರು. 1958, 1959, 1969ರ ಕಪ್‌ಗಳು ಕೋಚ್ ಆಗಿ; 1974, 1980, 1988ರವು ಆಡಳಿತದಲ್ಲಿದ್ದಾಗ. 1988ರದಂತೂ ಅಪರೂಪದ್ದು: ಪ್ಲೇಆಫ್‌ನಲ್ಲಿ, ಅಂದರೆ ಕಪ್‌ಗಾಗಿ ನಡೆಯುವ ಕೊನೆಯ ಸುತ್ತುಗಳಲ್ಲಿ, ಆಡಿದ್ದು 12 ಪಂದ್ಯ, ಗೆದ್ದದ್ದೂ 12.

ಮೇಲಿನವರು ಆಟಗಾರರನ್ನಷ್ಟೇ ಅಲ್ಲ, ಕೋಚನ್ನೂ ಎತ್ತಿಕೊಂಡು ಹೋಗುತ್ತಾರೆ. 2006ರಲ್ಲಿ ಕಪ್ ತಂದ ಬ್ರೂಸ್ ಬುಡ್ರೊನನ್ನು 2007ರ ನವೆಂಬರಿನಲ್ಲಿ, ಸೀಸನ್ ನಡುವೆಯೇ, ವಾಷಿಂಗ್ಟನ್ ಕರೆಸಿಕೊಂಡಿತು. ಸಹಾಯಕ ಬಾಬ್ ವುಡ್ಸ್ ಮುಂದೆ ಬಂದು 2009ರಲ್ಲಿ ಗೆದ್ದ, ಅವನನ್ನೂ ಕರೆದೊಯ್ದರು. ಮಾರ್ಕ್ ಫ್ರೆಂಚ್ ಬಂದು 2010ರಲ್ಲಿ ಗೆದ್ದ, ಅದೂ ಆ ಸೀಸನ್‌ನಲ್ಲಿ 60 ಗೆಲುವಿನ ಲೀಗ್ ದಾಖಲೆಯೊಂದಿಗೆ. ಐದು ವರ್ಷ, ಮೂರು ಕಪ್, ಮೂವರು ಕೋಚ್. ನನ್ನನ್ನು ಕೇಳಿದರೆ ಈ ತಂಡವನ್ನು ಅರ್ಥಮಾಡಿಕೊಳ್ಳಲು ಇಷ್ಟು ಸಾಕು.

2002ರಲ್ಲಿ ತಂಡ ಸುಮಾರು 10,500 ಆಸನಗಳ ಜಯಂಟ್ ಸೆಂಟರ್‌ಗೆ ಹೋಯಿತು. 2023ರ ಏಳು ಪಂದ್ಯಗಳ ಫೈನಲ್‌ನಲ್ಲಿ ಎದುರಿಗಿದ್ದದ್ದು ಕ್ಯಾಲಿಫೋರ್ನಿಯಾದ ಮರಳುಗಾಡಿನ ಕೋಚೆಲ್ಲಾ ವ್ಯಾಲಿ ಫೈರ್‌ಬರ್ಡ್ಸ್; ಅವರಿಗದು ಮೊದಲ ಸೀಸನ್. ಬೇರ್ಸ್ ಮೊದಲ ಎರಡು ಪಂದ್ಯಗಳಲ್ಲಿ ಒಂದೂ ಗೋಲು ಹೊಡೆಯಲಾಗದೆ ಸೋತು, ಕೊನೆಗೆ ಏಳನೇ ಪಂದ್ಯದ ಓವರ್‌ಟೈಮ್‌ನಲ್ಲಿ ಮೈಕ್ ವೆಕಿಯೊನಿ ಗೋಲಿನಿಂದ ಗೆದ್ದಿತು. 2024ರಲ್ಲಿ ಮತ್ತೆ ಅದೇ ಎದುರಾಳಿ, ಮತ್ತೆ ಓವರ್‌ಟೈಮ್, ಹದಿಮೂರನೇ ಕಪ್.

ನಮ್ಮ ಪ್ರಶ್ನೆಗೆ ಬೇಡದ, ನನಗೆ ಇಷ್ಟವಾದ ಸಂಗತಿ ಒಂದಿದೆ. ವರ್ಷಕ್ಕೊಮ್ಮೆ ಒಂದು ಪಂದ್ಯದಲ್ಲಿ ಬೇರ್ಸ್ ಮೊದಲ ಗೋಲು ಹೊಡೆದೊಡನೆ ಜನ ತಾವು ತಂದ ಗೊಂಬೆ ಕರಡಿಗಳನ್ನೆಲ್ಲ ಮಂಜಿನ ಮೇಲೆ ಎಸೆಯುತ್ತಾರೆ. ಆಟ ನಿಲ್ಲಿಸಿ, ಬಾಚಿ, ಸುತ್ತಲಿನ ಸೇವಾ ಸಂಸ್ಥೆಗಳಿಗೆ ಕೊಡುತ್ತಾರೆ. 2025ರ ಜನವರಿ 5ರಂದು ಎಣಿಸಿದಾಗ ಸಿಕ್ಕಿದ್ದು 1,02,343. ಅರೀನಾ ತುಂಬಿದ್ದರೂ ತಲೆಗೆ ಹತ್ತತ್ತಿರ ಹತ್ತು ಕರಡಿ.