ಹೊಲದ ಪಕ್ಕ ಕೊರೆದು ಕಲ್ಲು ತಗೊಂಡು ಹೋದರು, ಇನ್ನು ಗಣಿ ಬರುತ್ತಾ?

ಪ್ರಶ್ನೆ: ನಮ್ಮದು ಹೊಳಲ್ಕೆರೆ ತಾಲ್ಲೂಕು. ನಾಲ್ಕು ಎಕರೆ ಮೆಕ್ಕೆಜೋಳ, ಒಂದೂವರೆ ಎಕರೆ ಅಡಿಕೆ. ಹೋದ ತಿಂಗಳು ಗುಡ್ಡದ ಬುಡದಲ್ಲಿ, ನಮ್ಮ ಬದುವಿಗೆ ಹತ್ತಿರದಲ್ಲೇ, ಮಿಷನ್ ನಿಲ್ಲಿಸಿ ಹದಿನೈದು ದಿನ ಕೊರೆದರು. ಕಲ್ಲಿನ ಕೋಲುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿಕೊಂಡು ಹೋದರು. ಊರಲ್ಲಿ ಒಬ್ಬರು ಚಿನ್ನ ಅಂತಾರೆ, ಇನ್ನೊಬ್ಬರು ತಾಮ್ರ ಅಂತಾರೆ. ಗಣಿ ಬರುತ್ತಾ? ನಮ್ಮ ಜಮೀನು ಹೋಗುತ್ತಾ?

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಕೊರೆದರು ಅಂದ ಮಾತ್ರಕ್ಕೆ ಜಮೀನು ಹೋಗುವುದಿಲ್ಲ. ಹೀಗೆ ಕೊರೆದ ಜಾಗಗಳಲ್ಲಿ ಬಹುಪಾಲು ಕಡೆ ಗಣಿ ಬರುವುದೇ ಇಲ್ಲ. ಆದರೆ "ಸರ್ವೆ ತಾನೇ, ಬಿಡಿ" ಅಂತ ಸುಮ್ನೆ ಇರುವುದೂ ಸರಿಯಲ್ಲ. ಕೊರೆದದ್ದು ಯಾರು ಅನ್ನುವುದನ್ನು ಈಗಲೇ ತಿಳಿದುಕೊಳ್ಳಬೇಕು. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅದರಲ್ಲೇ ಇದೆ.

ಅದಕ್ಕೂ ಮುಂಚೆ, ನಮ್ಮ ಜಿಲ್ಲೆಗೆ ಇವರೆಲ್ಲ ಯಾಕೆ ಮತ್ತೆ ಮತ್ತೆ ಬರುತ್ತಾರೆ ಅಂತ ನೋಡೋಣ. ಕಾರಣ ನಿಮ್ಮ ಗುಡ್ಡದಲ್ಲೇ ಇದೆ. ಭೂವಿಜ್ಞಾನಿಗಳು ಚಿತ್ರದುರ್ಗ ಶಿಸ್ಟ್ ಪಟ್ಟಿ ಅಂತ ಕರೆಯುವ ಒಂದು ಕಲ್ಲಿನ ಪಟ್ಟಿ ಇದೆ. ದಕ್ಷಿಣದಲ್ಲಿ ಶ್ರೀರಂಗಪಟ್ಟಣದ ಕಡೆಯಿಂದ ಶುರುವಾಗಿ ಚಿಕ್ಕನಾಯಕನಹಳ್ಳಿ, ಹೊಸದುರ್ಗ, ಚಿತ್ರದುರ್ಗ ದಾಟಿ ಗದಗದವರೆಗೆ ಹೋಗುತ್ತದೆ. ಇಲ್ಲಿನ ಕಲ್ಲುಗಳಿಗೆ 250 ಕೋಟಿ ವರ್ಷಕ್ಕಿಂತ ಹೆಚ್ಚು ವಯಸ್ಸು. ಚಿತ್ರದುರ್ಗದ ಕೋಟೆ ನಿಂತಿರುವ ದೊಡ್ಡ ದೊಡ್ಡ ಬಂಡೆ ಗ್ರಾನೈಟ್, ಅದು ಬೇರೆ. ಖನಿಜ ಹುಡುಕುವವರ ಕಣ್ಣಿರುವುದು ಕೋಟೆಯ ಸುತ್ತಮುತ್ತ ಉದ್ದಕ್ಕೆ ಸಾಲುಗಟ್ಟಿರುವ ಕಪ್ಪು, ಹಸಿರು, ಕೆಂಪು ಕಲ್ಲಿನ ಗುಡ್ಡಗಳ ಮೇಲೆ.

ಐಮಂಗಲದ ಹತ್ತಿರ ಮರಡಿಹಳ್ಳಿಗೆ ಒಮ್ಮೆ ಹೋಗಿ ಬನ್ನಿ. ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಕಾಣುವ ಕಲ್ಲುಗಳಿವೆ. ಲಾವಾ ನೀರಿನೊಳಗೆ ಉಕ್ಕಿ, ಥಟ್ಟನೆ ತಣ್ಣಗಾದಾಗ ಮಾತ್ರ ಈ ಆಕಾರ ಬರುತ್ತದೆ. ಅಂದರೆ ಈಗ ಮಳೆಗೆ ಬಾಯಿ ಬಿಡುವ ನಮ್ಮ ಈ ಬಯಲು ಒಂದು ಕಾಲದಲ್ಲಿ ನೀರಿನಡಿ ಇತ್ತು. ಆ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ಇಂಥ ಕಡೆ ಬಿಸಿನೀರು ಕಲ್ಲಿನ ಬಿರುಕುಗಳಲ್ಲಿ ಓಡಾಡುತ್ತಾ ತಾಮ್ರ, ಚಿನ್ನ, ಗಂಧಕವನ್ನು ಹೊತ್ತು ತಂದು ಬಿಟ್ಟುಹೋಗುತ್ತದೆ. ದುರ್ಗದ ಪಕ್ಕದ ಇಂಗಳದಾಳಿನಲ್ಲಿ ತಾಮ್ರದ ಗಣಿ ಇದ್ದದ್ದು ಇದೇ ಕಾರಣಕ್ಕೆ. ಹಟ್ಟಿ ಚಿನ್ನದ ಗಣಿ ಕಂಪನಿ ಅದನ್ನು ನಡೆಸುತ್ತಿತ್ತು, ಈಗ ಮುಚ್ಚಿದೆ. ಇದೇ ಪಟ್ಟಿಯಲ್ಲಿ ಶಿರಾ ತಾಲ್ಲೂಕಿನ ಅಜ್ಜನಹಳ್ಳಿಯಲ್ಲಿ ಚಿನ್ನ ತೆಗೆದರು. ಭೀಮಸಮುದ್ರದ ಕಡೆ ಕಬ್ಬಿಣದ ಅದಿರು ಇದೆ. ಹೊಸದುರ್ಗದ ಕಡೆ ಸುಣ್ಣದಕಲ್ಲು, ಮ್ಯಾಂಗನೀಸ್ ಇದೆ.

ಈ ಹುಡುಕಾಟ ಇವತ್ತಿನದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ ಅಲ್ವಾ, ಅದರಲ್ಲಿ ಆಜ್ಞೆ ಹೊರಟ ಊರಿನ ಹೆಸರು ಸುವರ್ಣಗಿರಿ. ಆ ಹೆಸರನ್ನು ಓದಿದಾಗೆಲ್ಲ, ಎರಡು ಸಾವಿರ ವರ್ಷದ ಹಿಂದೆಯೇ ಈ ಸೀಮೆಯವರಿಗೆ ಕಲ್ಲಿನೊಳಗಿನ ಚಿನ್ನದ ಮರ್ಮ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಈಗ ನಿಮ್ಮ ಬದುವಿನ ಹತ್ತಿರ ನಡೆದ ಕೆಲಸಕ್ಕೆ ಬರೋಣ. ನೀರಿಗೆ ಬೋರ್ ಹಾಕುವಾಗ ಸುತ್ತಿಗೆ ಕಲ್ಲನ್ನು ಪುಡಿ ಮಾಡುತ್ತದೆ, ಗಾಳಿ ಆ ಪುಡಿಯನ್ನು ಹೊರಗೆ ತಳ್ಳುತ್ತದೆ. ಇಲ್ಲಿ ಹಾಗಲ್ಲ. ವಜ್ರದ ಚೂರು ಕೂರಿಸಿದ ಉಂಗುರದಂಥ ಬಿಟ್ ತಿರುಗುತ್ತಾ ಇಳಿಯುತ್ತದೆ. ನಡುವಿನ ಕಲ್ಲು ಪುಡಿಯಾಗದೆ ಕೋಲಿನ ಹಾಗೆ ಹೊರಗೆ ಬರುತ್ತದೆ. ಅದಕ್ಕೆ ಕೋರ್ ಅಂತಾರೆ. ಎಷ್ಟು ಮೀಟರ್ ಆಳದ ಕಲ್ಲು ಅಂತ ಪೆಟ್ಟಿಗೆಯ ಮೇಲೆ ಬರೆದು ಸಾಲಾಗಿ ಇಡುತ್ತಾರೆ. ಆಮೇಲೆ ಗರಗಸದಲ್ಲಿ ಕೋರನ್ನು ಉದ್ದಕ್ಕೆ ಸೀಳಿ, ಅರ್ಧ ಪ್ರಯೋಗಾಲಯಕ್ಕೆ ಕಳಿಸಿ, ಅರ್ಧ ಇಟ್ಟುಕೊಳ್ಳುತ್ತಾರೆ. ಊರಲ್ಲಿ "ಪೆಟ್ಟಿಗೆಗಟ್ಟಲೆ ಚಿನ್ನ ಸಾಗಿಸಿದರು" ಅಂತ ಮಾತು ಹುಟ್ಟುವುದು ಇಲ್ಲಿಂದಲೇ. ಅವರು ಸಾಗಿಸಿದ್ದು ಬರೀ ಮಾದರಿ ಕಲ್ಲು.

ಚಿನ್ನದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಟನ್ ಕಲ್ಲು ಅಂದರೆ ಉದ್ದ, ಅಗಲ, ಎತ್ತರ ಮೂರೂ ಎರಡೂಕಾಲು ಅಡಿಗಿಂತ ಸ್ವಲ್ಪ ಜಾಸ್ತಿ ಇರುವ ಒಂದು ದಿಮ್ಮಿ. ಅದರಲ್ಲಿ ಎರಡು ಗ್ರಾಂ ಚಿನ್ನ ಇದ್ದರೂ ಹುಡುಕುವವರು ಖುಷಿಪಡುತ್ತಾರೆ. ಎರಡು ಗ್ರಾಂ ಚಿನ್ನ ಅಂದರೆ ಗಾತ್ರದಲ್ಲಿ ಒಂದು ತೊಗರಿ ಕಾಳಿನಷ್ಟು. ಅದೂ ಒಂದೇ ಕಡೆ ಇರುವುದಿಲ್ಲ, ಇಡೀ ದಿಮ್ಮಿಯಲ್ಲಿ ಕಣ್ಣಿಗೆ ಕಾಣದ ಹಾಗೆ ಚದುರಿರುತ್ತದೆ. ಕಲ್ಲಿನಲ್ಲಿ ಹಳದಿಯಾಗಿ ಮಿಂಚುವುದು ಹೆಚ್ಚಾಗಿ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ. ಹಾಗಾಗಿ ಚಿನ್ನ ಇದೆ ಅನ್ನುವುದಷ್ಟೇ ಸಾಲದು. ಅದು ಎಷ್ಟು ಉದ್ದ, ಎಷ್ಟು ಆಳದವರೆಗೆ ಹಬ್ಬಿದೆ, ತೆಗೆಯುವ ಖರ್ಚು ಗಿಟ್ಟುತ್ತದಾ ಅಂತ ತಿಳಿಯಲು ಸಾಲು ಸಾಲಾಗಿ ಕೊರೆಯಬೇಕು. ಒಂದೆರಡು ಕಡೆ ಕೊರೆದು ಹೊರಟುಹೋದರು ಅಂದರೆ ಕೆಲಸ ಇನ್ನೂ ಶುರುವಿನ ಹಂತದಲ್ಲಿದೆ, ಇಲ್ಲವೇ ಸಿಕ್ಕಿದ್ದು ಸಾಲಲಿಲ್ಲ ಅಂತ ತಿಳಿಯಬಹುದು. ಮೂವತ್ತು, ಐವತ್ತು ಮೀಟರ್ ಅಂತರದಲ್ಲಿ ಮತ್ತೆ ಮತ್ತೆ ಬಂದು ಕೊರೆಯುತ್ತಿದ್ದರೆ ಮಾತ್ರ ಕಿವಿ ನೆಟ್ಟಗೆ ಮಾಡಿ.

ಕೊರೆಯುವವರು ಯಾರು ಅನ್ನುವ ಮಾತಿಗೆ ಈಗ ಬರುತ್ತೇನೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಜನ ಜಿಎಸ್‌ಐ ಅನ್ನುವುದು ಇದನ್ನೇ, 1851ರಿಂದ ದೇಶದ ಕಲ್ಲುಮಣ್ಣಿನ ನಕ್ಷೆ ಮಾಡುತ್ತಿದೆ. ಅವರು ಹಳ್ಳದ ಮಣ್ಣು ತೆಗೆದುಕೊಳ್ಳುತ್ತಾರೆ, ಕಾಂತದ ಅಳತೆ ಮಾಡುತ್ತಾರೆ, ಕೊರೆಯುತ್ತಾರೆ, ವರದಿ ಬರೆಯುತ್ತಾರೆ. ಗಣಿ ಮಾಡುವುದು ಅವರ ಕೆಲಸವೇ ಅಲ್ಲ. ಬಂದವರು ಅವರಾಗಿದ್ದರೆ ಗಣಿ, ಬರುವುದೇ ಆದರೂ, ತುಂಬಾ ದೂರದ ಮಾತು. ವರದಿ ಸರ್ಕಾರದ ಕೈಗೆ ಹೋಗಬೇಕು, ಸರ್ಕಾರ ಹರಾಜು ಹಾಕಬೇಕು, ಯಾರಾದರೂ ಕೂಗಬೇಕು. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ದೊಡ್ಡ ಖನಿಜಗಳ ಗುತ್ತಿಗೆ ಸಿಗುವುದು ಹರಾಜಿನಲ್ಲಿ.

ಇನ್ನೊಂದು ಬಗೆಯವರು ಸಂಯುಕ್ತ ಪರವಾನಗಿ ಪಡೆದ ಕಂಪನಿಯವರು. ಪೂರ್ತಿ ಹುಡುಕಿರದ ಜಾಗವನ್ನೂ ಹರಾಜಿನಲ್ಲಿ ಕೊಡುತ್ತಾರೆ. ಗೆದ್ದವರು ತಮ್ಮ ಖರ್ಚಿನಲ್ಲಿ ಕೊರೆಯುತ್ತಾರೆ, ಅದಿರು ಸಿಕ್ಕರೆ ಗಣಿ ಗುತ್ತಿಗೆ ಅವರಿಗೇ ಸಿಗುತ್ತದೆ. ಆ ಗುತ್ತಿಗೆ 50 ವರ್ಷದ್ದು. ನಿಮ್ಮ ಪಕ್ಕದಲ್ಲಿ ಕೊರೆದವರು ಇವರಾಗಿದ್ದರೆ ವಿಷಯ ಹತ್ತಿರದ್ದು. 2023ರಲ್ಲಿ ಮೂರನೆಯ ಬಗೆಯೂ ಬಂತು. ಚಿನ್ನ, ತಾಮ್ರ, ಲಿಥಿಯಂನಂಥ ಆಳದ ಖನಿಜಗಳನ್ನು ಹುಡುಕಲಿಕ್ಕಷ್ಟೇ ಪರವಾನಗಿ. ಇವರು ಹುಡುಕಿ ಕೊಟ್ಟ ಜಾಗ ಮುಂದೆ ಹರಾಜಾದರೆ ಆ ಹಣದಲ್ಲಿ ಇವರಿಗೊಂದು ಪಾಲು ಸಿಗುತ್ತದೆ.

ಇದನ್ನು ಹೇಗೆ ತಿಳಿಯುವುದು? ಮಿಷನ್ ಹತ್ತಿರ ಇರುವ ಹುಡುಗರನ್ನು ಕೇಳಿದರೆ ಪ್ರಯೋಜನವಿಲ್ಲ. ಅವರು ಕೊರೆಯುವ ಗುತ್ತಿಗೆದಾರನ ಕೆಲಸಗಾರರು, ಪಾಪ, ಅವರಿಗೂ ಗೊತ್ತಿರುವುದಿಲ್ಲ. ಜೊತೆಗೆ ಒಬ್ಬ ಭೂವಿಜ್ಞಾನಿ ಇರುತ್ತಾರೆ, ಅವರ ಹತ್ತಿರ ಕೆಲಸದ ಆದೇಶ ಇರುತ್ತದೆ. ಅದನ್ನು ನೋಡಲು ಕೇಳಿ. ಸಿಗದಿದ್ದರೆ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೆ ಸರ್ವೆ ನಂಬರ್ ಬರೆದು ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ: ಈ ಸರ್ವೆ ನಂಬರಿನಲ್ಲಿ ಅಥವಾ ಅಕ್ಕಪಕ್ಕ ಯಾರಿಗೆ, ಯಾವ ಖನಿಜಕ್ಕೆ, ಯಾವ ಪರವಾನಗಿ ಇದೆ? ಪ್ರಶ್ನೆ ಇಷ್ಟೇ ಇರಲಿ. ಹತ್ತು ಪ್ರಶ್ನೆ ಸೇರಿಸಿದರೆ ಉತ್ತರ ತೆಳ್ಳಗಾಗುತ್ತದೆ.

ಜಮೀನಿನ ವಿಷಯ. ಪರವಾನಗಿ ಅಥವಾ ಗುತ್ತಿಗೆ ಇರುವವರಿಗೆ ಜಾಗದೊಳಗೆ ಬರುವ ಹಕ್ಕನ್ನು 1957ರ ಗಣಿ ಕಾಯ್ದೆಯ 24ಎ ಕಲಂ ಕೊಡುತ್ತದೆ. ಅದೇ ಕಲಂ, ಮೇಲಿನ ಜಮೀನಿನವರಿಗೆ ಪರಿಹಾರ ಕೊಡಬೇಕು ಅಂತಲೂ ಹೇಳುತ್ತದೆ. ಎಷ್ಟು ಅಂತ ಸರ್ಕಾರ ನೇಮಿಸಿದ ಅಧಿಕಾರಿ ನಿಗದಿ ಮಾಡುತ್ತಾರೆ. ಸಾಗುವಳಿ ಜಮೀನಾದರೆ ವರ್ಷದ ಪರಿಹಾರವನ್ನು ಲೆಕ್ಕ ಹಾಕುವುದು, ಅಂಥ ಜಮೀನಿನಲ್ಲಿ ಹಿಂದಿನ ಮೂರು ವರ್ಷ ಬಂದ ನಿವ್ವಳ ಆದಾಯದ ಸರಾಸರಿ ಮೇಲೆ. ಹಾಗಾಗಿ ದಯವಿಟ್ಟು ಈ ಒಂದು ಕೆಲಸ ಮಾಡಿ. ಪಹಣಿಯ ಬೆಳೆ ಕಾಲಂನಲ್ಲಿ ಅಡಿಕೆ ಅಡಿಕೆಯೆಂದೇ, ಮೆಕ್ಕೆಜೋಳ ಮೆಕ್ಕೆಜೋಳವೆಂದೇ ಬಂದಿದೆಯಾ ನೋಡಿ. ಬೆಳೆ ಸಮೀಕ್ಷೆಯಲ್ಲಿ ತಪ್ಪಾಗಿದ್ದರೆ ಆಕ್ಷೇಪಣೆ ಹಾಕಿ ಸರಿಪಡಿಸಿಕೊಳ್ಳಿ. ಮಂಡಿಯ ಪಟ್ಟಿಗಳನ್ನು ಎಸೆಯಬೇಡಿ. ಕಾಗದದಲ್ಲಿ ಖಾಲಿ ಹೊಲ ಅಂತ ಇದ್ದರೆ ತೋಟದ ಪರಿಹಾರ ಕೇಳುವುದು ತುಂಬಾ ಕಷ್ಟ.

ಒಂದು ವೇಳೆ ಗುತ್ತಿಗೆಯವರೆಗೆ ಬಂದರೂ ಮರುದಿನವೇ ಅಗೆಯುವ ಹಾಗಿಲ್ಲ. ಗಣಿ ಯೋಜನೆಗೆ ಒಪ್ಪಿಗೆ, ಪರಿಸರ ಅನುಮತಿ, ಕಾಡು ಸೇರಿದ್ದರೆ ಅರಣ್ಯ ಅನುಮತಿ, ಎಲ್ಲ ಬೇಕು. ದೊಡ್ಡ ಗಣಿಗಳಿಗೆ ಪರಿಸರ ಅನುಮತಿಗೆ ಮುಂಚೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಅದಕ್ಕೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಪರಿಸರ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಸಭೆಯಲ್ಲಿ ನೀವು ಆಡಿದ ಮಾತು ದಾಖಲಾಗಬೇಕು. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಪರಮಾಣು ಖನಿಜಗಳು ಮತ್ತು ನಿರ್ಣಾಯಕ ಖನಿಜಗಳ (ದೇಶಕ್ಕೆ ತೀರಾ ಬೇಕಾದವು ಅಂತ ಸರ್ಕಾರ ಪಟ್ಟಿ ಮಾಡಿರುವ ಖನಿಜಗಳು) ಗಣಿಗಳಿಗೆ ಈ ಸಭೆಯಿಂದ ವಿನಾಯಿತಿ ಕೊಟ್ಟಿದೆ. ಇದು ನನಗೆ ಒಪ್ಪಿಗೆಯಾಗುವ ಮಾತಲ್ಲ. ಕಲ್ಲು ದೇಶಕ್ಕೆ ಎಷ್ಟೇ ಬೇಕಿರಲಿ, ಪಕ್ಕದಲ್ಲಿ ಬದುಕುವವರ ಮಾತು ಕೇಳಲು ಒಂದು ದಿನ ಕೊಡಬಹುದು. ಕಬ್ಬಿಣ, ಮ್ಯಾಂಗನೀಸ್, ಚಿನ್ನ ಆ ಪಟ್ಟಿಯಲ್ಲಿಲ್ಲ. ಯಾವ ಖನಿಜಕ್ಕೆ ಅಂತಲೂ ಅರ್ಜಿಯಲ್ಲಿ ಕೇಳಿ ಅಂತ ಹೇಳಿದ್ದು ಇದಕ್ಕೇ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಚಿಕ್ಕಮ್ಮನ ತೋಟ ಅದಿರು ಲಾರಿ ಓಡಾಡುವ ರಸ್ತೆ ಪಕ್ಕದಲ್ಲಿತ್ತು. ಗಣಿ ಇದ್ದದ್ದು ಅಲ್ಲಿಂದ ಎಷ್ಟೋ ದೂರ. ಅವರ ಜಮೀನನ್ನು ಯಾರೂ ಮುಟ್ಟಲಿಲ್ಲ. ಆದರೂ ಅಡಿಕೆ ಗರಿಗಳ ಮೇಲೆ ಕೆಂಪು ಧೂಳು ಹಿಟ್ಟಿನ ಹಾಗೆ ಕೂರುತ್ತಿತ್ತು. ಚಿಕ್ಕಮ್ಮ ಸಂಜೆ ಪೈಪ್ ಹಿಡಿದು ಎಟುಕುವಷ್ಟು ಮರ ತೊಳೆಯುತ್ತಿದ್ದರು, ಬೆಳಗ್ಗೆ ಮತ್ತೆ ಅದೇ. ಒಣಗಲು ಹಾಕಿದ ಬಟ್ಟೆಯೂ ಕೆಂಪು. ಪರಿಹಾರ ಕೇಳಲು ಹೋದರೆ "ನಿಮ್ಮ ಜಮೀನು ಗುತ್ತಿಗೆಯೊಳಗೆ ಇಲ್ವಲ್ಲಮ್ಮ" ಅಂದರು. ಜನ ಜಮೀನು ಹೋಗುತ್ತಾ ಅಂತ ಕೇಳುತ್ತಾರೆ. ಅದಿರು ಯಾವ ರಸ್ತೆಯಲ್ಲಿ ಹೋಗುತ್ತದೆ, ಗುಡ್ಡದಿಂದ ಇಳಿಯುವ ಹಳ್ಳದ ನೀರು ಏನಾಗುತ್ತದೆ ಅನ್ನುವುದನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು. ನಿಮ್ಮ ಕೆರೆಗೆ ನೀರು ಬರುವುದು ಆ ಗುಡ್ಡದಿಂದಲೇ ತಾನೇ?

ಆಗಿನ ಗಣಿಗಾರಿಕೆಯ ಅತಿರೇಕ ಕೊನೆಗೆ ಸುಪ್ರೀಂ ಕೋರ್ಟ್ ಮುಟ್ಟಿತು. 2011ರ ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಗಣಿಗಳೂ ನಿಂತವು. ಆಮೇಲೆ ಮತ್ತೆ ಶುರು ಮಾಡಲು ಬಿಟ್ಟಾಗ, ಎರಡೂ ಜಿಲ್ಲೆ ಸೇರಿ ವರ್ಷಕ್ಕೆ 50 ಲಕ್ಷ ಟನ್ ಮಾತ್ರ ಅಂತ ಮಿತಿ ಹಾಕಿದರು. 2022ರಲ್ಲಿ ಆ ಮಿತಿ 1.5 ಕೋಟಿ ಟನ್‌ಗೆ ಏರಿತು. ಅದಿರು ಜಾಸ್ತಿ ಅಂದರೆ ಲಾರಿಯೂ ಜಾಸ್ತಿ.

ಅದರ ಜೊತೆ ಹಣವೂ ಬರುತ್ತದೆ, ಅದನ್ನು ಕೇಳುವವರು ಕಡಿಮೆ. ಗಣಿಯವರು ಸರ್ಕಾರಕ್ಕೆ ಕಟ್ಟುವ ರಾಜಧನದ ಜೊತೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಕಟ್ಟಬೇಕು. ಹಳೆಯ ಗುತ್ತಿಗೆಯಾದರೆ ರಾಜಧನದ 30 ಪರ್ಸೆಂಟ್, ಹರಾಜಿನಲ್ಲಿ ಬಂದದ್ದಾದರೆ 10 ಪರ್ಸೆಂಟ್. ಕಬ್ಬಿಣದ ಅದಿರಿಗೆ ರಾಜಧನ ಬೆಲೆಯ 15 ಪರ್ಸೆಂಟ್. ಲೆಕ್ಕಕ್ಕೆ ಟನ್ನಿಗೆ 3000 ರೂಪಾಯಿ ಅಂತ ಇಟ್ಟುಕೊಂಡರೆ ರಾಜಧನ 450, ಪ್ರತಿಷ್ಠಾನಕ್ಕೆ 135 ಅಥವಾ 45 ರೂಪಾಯಿ. ಗಣಿಯಿಂದ ತೊಂದರೆಯಾದ ಊರುಗಳ ಕುಡಿಯುವ ನೀರು, ಆಸ್ಪತ್ರೆ, ಶಾಲೆಗೆ ಮೊದಲ ಆದ್ಯತೆ ಕೊಟ್ಟು ಈ ಹಣ ಖರ್ಚಾಗಬೇಕು. ತೊಂದರೆಯಾದ ಊರುಗಳ ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ಗ್ರಾಮಸಭೆಯಲ್ಲಿ ಕೇಳಿ. ಚಿಕ್ಕಮ್ಮನ ಊರಿನಂಥ ರಸ್ತೆ ಬದಿಯ ಊರುಗಳು ಕೇಳಲೇಬೇಕು.

ಸದ್ಯಕ್ಕೆ ನಿಮ್ಮ ಕಣ್ಣೆದುರಿಗೆ ಇರುವುದು ಅವರು ಕೊರೆದುಹೋದ ಆ ತೂತು. ಹೋಗಿ ನೋಡಿ. ಬಾಯಿಗೆ ಸಿಮೆಂಟ್ ಹಾಕಿ ಮುಚ್ಚಿ, ನಂಬರ್ ಬರೆದಿರಬೇಕು. ಆ ನಂಬರ್ ಬರೆದುಕೊಳ್ಳಿ, ಫೋಟೋ ತೆಗೆದಿಡಿ. ಮಾಹಿತಿ ಹಕ್ಕು ಅರ್ಜಿಗೆ ಬೇಕಾಗುತ್ತದೆ. ಕೊರೆಯುವಾಗ ಕೆಸರು ನೀರು ನಿಲ್ಲಿಸಲು ತೋಡಿದ ಗುಂಡಿಯನ್ನು ಮುಚ್ಚದೆ ಬಿಟ್ಟಿದ್ದರೆ ಪಂಚಾಯ್ತಿಗೆ ಬರೆದು ಕೊಟ್ಟು ಮುಚ್ಚಿಸಿ. ಮಳೆ ಬಂದರೆ ತುಂಬುತ್ತದೆ, ದನ ಕುರಿ ಮೇಯಿಸುವ ಮಕ್ಕಳು ಅತ್ತ ಓಡಾಡುತ್ತವೆ.